ಲಾಡ್ಜಿನ ಕೋಣೆ: ಬಾಡಿಗೆ ಕೊಡುವ ಮುನ್ನ ಕೇಳಬೇಕಾದದ್ದು

ನಮ್ಮಲ್ಲಿ ಹೋಟೆಲ್ ಎಂದರೆ ಮೊದಲು ನೆನಪಾಗುವುದು ತಿಂಡಿ ಮತ್ತು ಕಾಫಿ. ತಂಗುವ ಜಾಗವನ್ನು ನಾವು ಲಾಡ್ಜ್ ಎನ್ನುತ್ತೇವೆ, ಇಲ್ಲವೇ ವಸತಿಗೃಹ ಎಂದು ಬರೆಯುತ್ತೇವೆ. ಕಳೆದ ಸಂಚಿಕೆಯಲ್ಲಿ ಈ ವಸತಿಗೃಹಗಳ ಸೌಕರ್ಯದ ಬಗ್ಗೆ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಈಜುಕೊಳದ ಬಗ್ಗೆಯಾಗಲಿ ವೈಫೈ ಬಗ್ಗೆಯಾಗಲಿ ಇರಲಿಲ್ಲ. ಬಿಸಿನೀರು, ಹಾಸಿಗೆ, ಮೆಟ್ಟಿಲು ಮತ್ತು ಬಿಲ್ಲಿನ ಬಗ್ಗೆ ಇದ್ದವು. ರೂಮ್ ಬಾಯ್ ಆಗಿ ಸೇರಿ, ಮ್ಯಾನೇಜರ್ ಆಗಿ ನಿವೃತ್ತನಾಗುವವರೆಗೆ ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದ ನನಗೆ ಇದರಿಂದ ಆಶ್ಚರ್ಯವಾಗಲಿಲ್ಲ. ನನಗೆ ತಿಳಿದಿರುವುದನ್ನು ಮುಚ್ಚಿಡದೆ ಬರೆಯುತ್ತೇನೆ.

ಪ್ರಶ್ನೆ: ಡಿಸೆಂಬರಿನಲ್ಲಿ ನಾವು ಐದು ಜನ ಮಡಿಕೇರಿಗೆ ಹೋಗಿದ್ದೆವು. ಲಾಡ್ಜಿನ ಫಲಕದಲ್ಲಿ ‘24 ಗಂಟೆ ಬಿಸಿನೀರು’ ಎಂದಿತ್ತು. ಇಬ್ಬರ ಸ್ನಾನ ಮುಗಿಯುವ ಮೊದಲೇ ನಲ್ಲಿಯಲ್ಲಿ ತಣ್ಣೀರು ಬರತೊಡಗಿತು. ಕೇಳಿದರೆ ‘ಗೀಸರ್ ಇದೆಯಲ್ಲ ಸರ್’ ಎಂದರು. ಇದು ಮೋಸವಲ್ಲವೇ? (ಒಬ್ಬ ಓದುಗರು, ದಾವಣಗೆರೆ)

ಉತ್ತರ: ಫಲಕದಲ್ಲಿದ್ದದ್ದು ಸುಳ್ಳಲ್ಲ, ಆದರೆ ನಿಮಗೆ ಬೇಕಾಗಿದ್ದ ಮಾಹಿತಿಯೂ ಅದಲ್ಲ. ಬಿಸಿನೀರು ಎಷ್ಟು ಹೊತ್ತು ಬರುತ್ತದೆ ಎನ್ನುವುದಕ್ಕಿಂತ ಒಮ್ಮೆಗೆ ಎಷ್ಟು ಬಕೆಟ್ ಬರುತ್ತದೆ ಎನ್ನುವುದೇ ಮುಖ್ಯ. ಸಾಮಾನ್ಯವಾಗಿ ಕೋಣೆಗಳಲ್ಲಿ ಇರುವುದು 15 ಲೀಟರಿನ, 2 ಕಿಲೋವಾಟ್ ಗೀಸರ್. ನಲ್ಲಿಯ ನೀರು 15 ಡಿಗ್ರಿಯಷ್ಟು ತಣ್ಣಗಿದೆ ಎಂದಿಟ್ಟುಕೊಳ್ಳಿ. ಆ ನೀರು 60 ಡಿಗ್ರಿಗೆ ಕಾಯಲು ಸುಮಾರು 24 ನಿಮಿಷ ಬೇಕು. ಹಾಗೆ ಕಾದ 15 ಲೀಟರಿಗೆ ತಣ್ಣೀರು ಬೆರೆಸಿ, ಮೈಗೆ ಹಿತವಾಗುವ 40 ಡಿಗ್ರಿಗೆ ತಂದರೆ ಒಟ್ಟು ಸಿಗುವುದು 27 ಲೀಟರ್, ಅಂದರೆ ಒಂದೂವರೆ ಬಕೆಟ್. ಅದೇ ಗೀಸರ್ ನಿಮ್ಮ ದಾವಣಗೆರೆಯಲ್ಲಿ ಏಪ್ರಿಲ್ ತಿಂಗಳಲ್ಲಿ, ನಲ್ಲಿಯ ನೀರೇ 28 ಡಿಗ್ರಿ ಇರುವಾಗ, 40 ಲೀಟರ್ ಕೊಡುತ್ತದೆ. ಮನೆಯಲ್ಲಿ ಸಾಕಾಗುವ ಗೀಸರ್ ಬೆಟ್ಟದ ಊರಿನಲ್ಲಿ ಸಾಲದಿರುವುದಕ್ಕೆ ಇದೇ ಕಾರಣ. ಐದು ಜನರ ಸ್ನಾನಕ್ಕೆ ಎರಡು ಗಂಟೆ ಹಿಡಿಯುತ್ತದೆ ಎಂದು ಲಾಡ್ಜಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಒಂದು ಕೋಣೆಗೆ ಹೆಚ್ಚುವರಿ ಹಾಸಿಗೆ ಹಾಕಿ ಐದು ಜನರನ್ನು ಕಳುಹಿಸುವಾಗ ಅದನ್ನು ಹೇಳದಿರುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಗೋಡೆಗೆ ಅಂಟಿಸಿದ 3 ಲೀಟರಿನ ಸಣ್ಣ ಗೀಸರ್ ಇದ್ದರೆ ಲೆಕ್ಕ ಬೇರೆ. ಅದರಲ್ಲಿ ನೀರು ಮುಗಿಯುವುದಿಲ್ಲ, ಆದರೆ ಸಣ್ಣಗೆ ಬರುತ್ತದೆ. ಚಳಿಯ ಊರಿನಲ್ಲಿ ಒಂದು ಬಕೆಟ್ ತುಂಬಲು ಹತ್ತು ನಿಮಿಷ ಹಿಡಿಯುತ್ತದೆ. ಬಕೆಟ್ ಸ್ನಾನಕ್ಕೆ ಅದು ಸಾಕು, ಷವರಿಗೆ ಸಾಲದು.

ಮೇಲ್ಛಾವಣಿಯ ಸೋಲಾರ್ ಇದ್ದಲ್ಲಿ ಬೆಳಿಗ್ಗೆ ಬೇಗ ಎದ್ದವರಿಗೇ ಬಿಸಿನೀರು ಹೆಚ್ಚು ಸಿಗುತ್ತದೆ, ಏಕೆಂದರೆ ಹಿಂದಿನ ದಿನ ಕಾದ ನೀರನ್ನೇ ಮರುದಿನ ಎಲ್ಲರೂ ಹಂಚಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಕೊಡಗು, ಆಗುಂಬೆಯ ಕಡೆ ಬರೀ ಸೋಲಾರನ್ನು ನಂಬಬಾರದು. ‘ಮೋಡ ಇದ್ದ ದಿನ ನೀರು ಹೇಗೆ ಕಾಯಿಸುತ್ತೀರಿ?’ ಎಂದು ಮೊದಲೇ ಕೇಳಿ. ಸೌದೆ ಒಲೆಯ ಹಂಡೆ ಇದೆ ಎಂದು ಹೋಂಸ್ಟೇ ಮನೆಯವರು ಹೇಳಿದರೆ ನಿಶ್ಚಿಂತೆಯಿಂದ ಹೋಗಿ. ಇನ್ನೊಂದು ವಿಷಯವೂ ನೆನಪಿರಲಿ. ಮೇಲಿನ ಟ್ಯಾಂಕಿನಿಂದ ನಿಮ್ಮ ಕೋಣೆಗೆ 30 ಮೀಟರ್ ಪೈಪ್ ಇದ್ದರೆ, ಅದರೊಳಗೆ ರಾತ್ರಿಯಿಡೀ ತಣ್ಣಗಾದ ನೀರೇ ಅರ್ಧ ಬಕೆಟ್ಟಿನಷ್ಟು ಇರುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿದ ಕೂಡಲೇ ತಣ್ಣೀರು ಬಂತೆಂದು ನಲ್ಲಿ ನಿಲ್ಲಿಸಿ ರಿಸೆಪ್ಷನ್ನಿಗೆ ಫೋನ್ ಮಾಡುವವರನ್ನು ನಾನು ದಿನವೂ ಕಂಡಿದ್ದೇನೆ. ಆ ಅರ್ಧ ಬಕೆಟ್ಟನ್ನು ಚೆಲ್ಲದೆ ಹಿಡಿದಿಟ್ಟುಕೊಳ್ಳಿ. ಬೆರೆಸಿಕೊಳ್ಳಲು ಅದೇ ನೀರಾಗುತ್ತದೆ.

ಸ್ನಾನದ ಮಾತು ಬಂದಿರುವುದರಿಂದ, ನೀವು ಕೇಳದಿದ್ದರೂ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ಕಡೆ, ಮುಖ್ಯವಾಗಿ ಕಡಿಮೆ ಬಾಡಿಗೆಯ ಕೋಣೆಗಳಲ್ಲಿ, ಬಚ್ಚಲಮನೆಯ ಒಳಗೇ ಗ್ಯಾಸ್ ಗೀಸರ್ ಇಟ್ಟಿರುತ್ತಾರೆ. ಕಿಟಕಿಯಿಲ್ಲದ ಅಥವಾ ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಉರಿಯುವಾಗ ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತಿದೆ ಎಂದು ಅರಿವಾಗುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಹೀಗೆ ಜೀವ ಕಳೆದುಕೊಂಡವರು ನಮ್ಮ ರಾಜ್ಯದಲ್ಲೂ ಇದ್ದಾರೆ. ಗೀಸರ್ ಬಚ್ಚಲಿನ ಹೊರಗಿದ್ದು ಪೈಪಿನಲ್ಲಿ ಮಾತ್ರ ನೀರು ಒಳಗೆ ಬರುವಂತಿದ್ದರೆ ಪರವಾಗಿಲ್ಲ. ಒಳಗೇ ಇದ್ದರೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳನ್ನಂತೂ ಒಬ್ಬೊಬ್ಬರನ್ನೇ ಒಳಗೆ ಕಳುಹಿಸಬೇಡಿ. ಬೇರೆ ಕೋಣೆ ಸಿಗುವಂತಿದ್ದರೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು.

ಪ್ರಶ್ನೆ: ಲಾಡ್ಜಿನ ಬೆಡ್‌ಶೀಟನ್ನು ನಿಜವಾಗಿಯೂ ಪ್ರತಿ ಬಾರಿ ಬದಲಾಯಿಸುತ್ತಾರೆಯೇ? ಕಳೆದ ಪ್ರವಾಸದ ನಂತರ ನಮ್ಮ ಮನೆಗೆ ತಿಗಣೆ ಬಂದಿದೆ. (ಗೃಹಿಣಿ, ಬೆಂಗಳೂರು)

ಉತ್ತರ: ಒಳಗಿದ್ದವನಾಗಿ ಹೇಳುತ್ತೇನೆ. ಮರ್ಯಾದೆಯಿಂದ ನಡೆಯುವ ಯಾವ ಲಾಡ್ಜಿನಲ್ಲಾದರೂ ಕೆಳಗಿನ ಹಾಸು ಮತ್ತು ದಿಂಬಿನ ಕವರ್ ಪ್ರತಿ ಅತಿಥಿಗೂ ಬದಲಾಗುತ್ತವೆ. ರಗ್ಗು ಮಾತ್ರ ಬದಲಾಗುವುದಿಲ್ಲ. ಅದು ಒಗೆಯಲು ಭಾರ, ಒಣಗಲು ಎರಡು ದಿನ ಬೇಕು, ಕೋಣೆಗೊಂದರಂತೆ ಹೆಚ್ಚುವರಿ ರಗ್ಗು ಇಟ್ಟುಕೊಂಡಿರುವವರು ಕಡಿಮೆ. ತಿಂಗಳಿಗೊಮ್ಮೆ ಒಗೆಯುವುದೇ ದೊಡ್ಡದೆಂದು ತಿಳಿದಿದ್ದ ಜಾಗದಲ್ಲಿ ನಾನೂ ಕೆಲಸ ಮಾಡಿದ್ದೇನೆ. ಹೀಗಾಗಿ ರಗ್ಗಿನ ಕೆಳಗೆ ಹೊದ್ದುಕೊಳ್ಳಲು ಇನ್ನೊಂದು ಒಗೆದ ಬಿಳಿ ಹಾಸು ಕೊಡಿ ಎಂದು ರೂಮ್ ಬಾಯ್‌ಗೆ ಹೇಳಿ. ಇದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ, ಹಣವನ್ನೂ ಕೇಳುವುದಿಲ್ಲ. ಹಾಸು ಬಿಳಿಯೇ ಇರಲು ಕಾರಣವಿದೆ. ಬಿಳಿ ಬಟ್ಟೆಯಲ್ಲಿ ಕಲೆ ಅಡಗುವುದಿಲ್ಲ, ಬ್ಲೀಚ್ ಹಾಕಿ ಬಿಸಿನೀರಿನಲ್ಲಿ ಒಗೆದರೂ ಬಣ್ಣ ಹೋಗುವ ಭಯವಿಲ್ಲ. ಗಾಢ ಬಣ್ಣದ ಹೂವಿನ ಹಾಸು ಹಾಕಿರುವ ಕೋಣೆಯಲ್ಲಿ ನಾನು ಮೊದಲು ಅದನ್ನು ಎತ್ತಿ ನೋಡುತ್ತೇನೆ.

ಮೇಜಿನ ಮೇಲಿನ ಗಾಜಿನ ಲೋಟಗಳನ್ನೂ ನಂಬಬೇಡಿ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ ಒಬ್ಬನೇ ಹುಡುಗ ಹತ್ತು ಕೋಣೆ ಶುಚಿ ಮಾಡಬೇಕಾದಾಗ ಲೋಟವನ್ನು ಅಲ್ಲೇ ಬೇಸಿನ್ನಿನಲ್ಲಿ ತೊಳೆದು ಒರೆಸಿ ಇಡುತ್ತಾನೆ. ಅದು ಅವನ ಸೋಮಾರಿತನವಲ್ಲ, ಅವನಿಗೆ ಕೊಟ್ಟ ಸಮಯವೇ ಅಷ್ಟು.

ಈಗ ತಿಗಣೆ. ಅದು ಕೊಳಕಿನಿಂದ ಹುಟ್ಟುವುದಿಲ್ಲ. ಒಬ್ಬರ ಚೀಲದಿಂದ ಇಳಿದು ಇನ್ನೊಬ್ಬರ ಚೀಲಕ್ಕೆ ಹತ್ತುತ್ತದೆ. ಆದ್ದರಿಂದ ದುಬಾರಿ ಹೋಟೆಲಿನಲ್ಲೂ ಇರಬಹುದು. ಕೋಣೆಗೆ ಹೋದ ತಕ್ಷಣ ಸಾಮಾನನ್ನು ಮಂಚದ ಮೇಲೆ ಇಡಬೇಡಿ. ಟೈಲ್ಸ್ ಹಾಕಿದ ಬಚ್ಚಲಿನಲ್ಲಿ ಇಟ್ಟು, ತಲೆದಿಂಬಿನ ಕಡೆಯ ಹಾಸಿನ ಮೂಲೆ ಎತ್ತಿ, ಹಾಸಿಗೆಯ ಹೊಲಿಗೆಯ ಉದ್ದಕ್ಕೂ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಶಾಯಿಯ ಚುಕ್ಕೆಯಂಥ ಕಪ್ಪು ಗುರುತು ಕಂಡರೆ ಆ ಕೋಣೆ ಬೇಡವೆನ್ನಿ, ಅದಕ್ಕೆ ಅಂಟಿಕೊಂಡ ಪಕ್ಕದ ಕೋಣೆಯೂ ಬೇಡ. ಮನೆಗೆ ಮರಳಿದ ಮೇಲೆ ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಆ ಬಿಸಿಗೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ನಿಮ್ಮ ಮನೆಯಲ್ಲಿ ಈಗಾಗಲೇ ಮಂಚದ ಸಂದಿಗೆ ಸೇರಿದ್ದರೆ ಕೇವಲ ಸ್ಪ್ರೇ ಹೊಡೆದು ಸುಮ್ಮನಾಗಬೇಡಿ. ಮೊಟ್ಟೆಗಳು ಒಡೆದ ಮೇಲೆ ಮತ್ತೊಮ್ಮೆ ಔಷಧ ಹಾಕಿಸುವ ಷರತ್ತಿನ ಮೇಲೆ ಕೀಟ ನಿಯಂತ್ರಣದವರನ್ನು ಕರೆಸಿ.

ಪ್ರಶ್ನೆ: ರಾತ್ರಿ ರೈಲಿನಲ್ಲಿ ಹೊರಟು ಬೆಳಿಗ್ಗೆ ಮೈಸೂರಿನಲ್ಲಿ ಇಳಿದೆವು. ಮುಂಗಡ ಬುಕ್ಕಿಂಗ್ ಇದ್ದರೂ ಮಧ್ಯಾಹ್ನ 12ರವರೆಗೆ ಕೋಣೆ ಕೊಡಲಿಲ್ಲ. ಪುಟ್ಟ ಮಗುವಿನೊಂದಿಗೆ ಸೋಫಾದ ಮೇಲೆ ಕುಳಿತಿದ್ದೆವು. ಇದಕ್ಕೆ ನಿಯಮವಿದೆಯೇ? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ಇಷ್ಟು ಗಂಟೆಗೇ ಕೋಣೆ ಕೊಡಬೇಕೆಂದು ಎಲ್ಲ ಲಾಡ್ಜುಗಳಿಗೂ ಅನ್ವಯಿಸುವ ಒಂದೇ ವೇಳೆಯಿಲ್ಲ. ನಮ್ಮಲ್ಲಿ ಎರಡು ಪದ್ಧತಿಗಳು ಇವೆ. ಹಳೆಯ ಲಾಡ್ಜುಗಳಲ್ಲಿ, ಅದರಲ್ಲೂ ಬಸ್ ನಿಲ್ದಾಣದ ಸುತ್ತಲಿನವುಗಳಲ್ಲಿ, ನೀವು ಒಳಗೆ ಬಂದ ಗಂಟೆಯಿಂದ 24 ಗಂಟೆಯ ಲೆಕ್ಕ. ಹೊಸ ಹೋಟೆಲುಗಳಲ್ಲಿ ಮಧ್ಯಾಹ್ನಕ್ಕೆ ಪ್ರವೇಶ, ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ. ರಾತ್ರಿ ಪ್ರಯಾಣ ಮಾಡುವ ಕುಟುಂಬಕ್ಕೆ ಮೊದಲನೆಯದೇ ಅನುಕೂಲ, ಆದ್ದರಿಂದ ಬುಕ್ ಮಾಡುವಾಗ ‘24 ಗಂಟೆ ಚೆಕ್ ಔಟ್ ಇದೆಯೇ?’ ಎಂದು ಫೋನ್ ಮಾಡಿ ಕೇಳಿ. ಇಲ್ಲವೆಂದರೆ, ಬೇಗ ಬಂದರೆ ಅರ್ಧ ದಿನದ ಬಾಡಿಗೆಯೋ, ಮುಖ ತೊಳೆದು ಬಟ್ಟೆ ಬದಲಿಸಲು ಒಂದು ಕೋಣೆಯೋ ಸಿಗುತ್ತದೆಯೇ ಎಂದು ವಿಚಾರಿಸಿ. ರೈಲಿನ ಟಿಕೆಟ್ ಇದ್ದವರಿಗೆ ದೊಡ್ಡ ನಿಲ್ದಾಣಗಳ ವಿಶ್ರಾಂತಿ ಕೊಠಡಿಯೂ ಒಂದು ದಾರಿ. ಅದನ್ನು ಪಿಎನ್‌ಆರ್ ಸಂಖ್ಯೆ ನೀಡಿ ಮೊದಲೇ ಕಾಯ್ದಿರಿಸಬಹುದು.

ಹಿಂದಿನ ರಾತ್ರಿ ಖಾಲಿಯಿದ್ದ ಕೋಣೆ ಶುಚಿಯಾಗಿ ಸಿದ್ಧವಿದ್ದರೂ, ಗಂಟೆಯ ಲೆಕ್ಕ ಹಿಡಿದು ಮಗುವನ್ನು ಹೊರಗೆ ಕೂರಿಸುವ ಮ್ಯಾನೇಜರನ ನಡೆಯನ್ನು ನಾನು ಒಪ್ಪುವುದಿಲ್ಲ. ಖಾಲಿ ಕೋಣೆಯ ಬಾಗಿಲು ತೆರೆದರೆ ಲಾಡ್ಜಿಗೆ ಆಗುವ ಖರ್ಚು ಒಂದೆರಡು ಬಕೆಟ್ ನೀರು ಮತ್ತು ಸ್ವಲ್ಪ ವಿದ್ಯುತ್ತು, ಅಷ್ಟೇ.

ಪ್ರಶ್ನೆ: ‘ತ್ರೀ ಸ್ಟಾರ್’ ಎಂದು ಬೋರ್ಡ್ ಹಾಕಲು ಯಾರ ಅನುಮತಿ ಬೇಕು? (ವಿದ್ಯಾರ್ಥಿ, ಕಲಬುರಗಿ)

ಉತ್ತರ: ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ ಪರಿಶೀಲಿಸಿ ದರ್ಜೆ ಕೊಡುತ್ತದೆ. ಅದು ಐದು ವರ್ಷ ಚಾಲ್ತಿಯಲ್ಲಿರುತ್ತದೆ. ದರ್ಜೆ ಪಡೆಯುವುದು ಕಡ್ಡಾಯವಲ್ಲ, ಹಾಗಾಗಿ ದರ್ಜೆಯಿಲ್ಲದ ಒಳ್ಳೆಯ ಲಾಡ್ಜುಗಳೂ ಬಹಳ ಇವೆ. ಬುಕ್ಕಿಂಗ್ ಆ್ಯಪ್‌ಗಳಲ್ಲಿ ಗ್ರಾಹಕರು ಕೊಡುವ ನಕ್ಷತ್ರಕ್ಕೂ ಈ ನಕ್ಷತ್ರಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಕೋಣೆಯಲ್ಲಿ 20 ರೂಪಾಯಿಯ ನೀರಿನ ಬಾಟಲಿಗೆ 60 ರೂಪಾಯಿ ಹಾಕಿದ್ದರು, ಊಟದ ಬಿಲ್ಲಿನಲ್ಲಿ ಶೇ. 10 ಸೇವಾ ಶುಲ್ಕ, ಕೊನೆಗೆ ಜಿಎಸ್‌ಟಿ. ಇವುಗಳಲ್ಲಿ ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬೇಕಾಗಿಲ್ಲ? (ನಿವೃತ್ತ ಶಿಕ್ಷಕಿ, ಗದಗ)

ಉತ್ತರ: ಮೂರಕ್ಕೂ ಬೇರೆ ಬೇರೆ ಉತ್ತರ. ಬಾಟಲಿಯ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿಲ್ಲ. ಹೋಟೆಲುಗಳು ಬಾಟಲಿಯನ್ನು ಕೇವಲ ಮಾರುವುದಿಲ್ಲ, ಜಾಗ ಮತ್ತು ಸೇವೆಯೊಂದಿಗೆ ಒದಗಿಸುತ್ತವೆ, ಹೀಗಾಗಿ ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ತೀರ್ಪು ನೀಡಿದೆ. ಕುಡಿಯುವ ನೀರಿಗಾಗಿ ಅತಿಥಿ ಮೂರು ಪಟ್ಟು ಕೊಡುವಂತಾಗುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ, ಆದರೆ ಇರುವ ಸ್ಥಿತಿ ಹೀಗಿದೆ. ಕ್ಯಾನ್ ನೀರನ್ನೋ ಶುದ್ಧೀಕರಣ ಯಂತ್ರದ ನೀರನ್ನೋ ಜಗ್ಗಿನಲ್ಲಿ ಕೊಡಿ ಎಂದು ಕೇಳಿ. ಬಹಳಷ್ಟು ಲಾಡ್ಜುಗಳಲ್ಲಿ ಮಹಡಿಗೊಂದು ಯಂತ್ರ ಇರುತ್ತದೆ, ಹೇಳುವವರು ಇರುವುದಿಲ್ಲ.

ಸೇವಾ ಶುಲ್ಕವನ್ನು ಮಾತ್ರ ನೀವು ನಿರಾಕರಿಸಬಹುದು. ಊಟದ ಬಿಲ್ಲಿಗೆ ಅದನ್ನು ತಾನಾಗಿಯೇ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರ ಸಂಘಗಳು ಅದನ್ನು ಪ್ರಶ್ನಿಸಿದರೂ ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬಡಿಸಿದ ಹುಡುಗನಿಗೆ ಏನಾದರೂ ಕೊಡಬೇಕೆನಿಸಿದರೆ ಅವನ ಕೈಗೇ ಕೊಡಿ.

ಜಿಎಸ್‌ಟಿ ಕೊಡಲೇಬೇಕು, ಆದರೆ ದರ ಸರಿಯಿದೆಯೇ ನೋಡಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ. 5ಕ್ಕೆ ಇಳಿದಿದೆ, ಅದಕ್ಕೂ ಮೊದಲು ಶೇ. 12 ಇತ್ತು. 2,000 ರೂಪಾಯಿಯ ಕೋಣೆಗೆ ಈಗ 100 ರೂಪಾಯಿ ತೆರಿಗೆ, ಹಿಂದಿನಂತೆ 240 ಅಲ್ಲ. 7,500 ಮೀರಿದ ಕೋಣೆಗೆ ಶೇ. 18.

ಪ್ರಶ್ನೆ: ತಂದೆಗೆ ಎಪ್ಪತ್ತೆಂಟು ವರ್ಷ, ಮೊಣಕಾಲು ನೋವು. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿಗೆ ಕರೆದೊಯ್ಯಬೇಕೆಂದಿದ್ದೇನೆ. ಲಿಫ್ಟ್ ಇದ್ದರೆ ಸಾಕಲ್ಲವೇ? (ಒಬ್ಬ ಓದುಗರು, ತುಮಕೂರು)

ಉತ್ತರ: ಸಾಲದು. ‘ಲಿಫ್ಟ್ ಇದೆ’ ಎಂಬ ಉತ್ತರ ಬಂದ ಕೂಡಲೇ ‘ರಸ್ತೆಯಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು?’ ಎಂದು ಕೇಳಿ. ಕೆಳಗೆ ವಾಹನ ನಿಲ್ಲಿಸಲು ಜಾಗ ಬಿಟ್ಟು ಕಟ್ಟಿದ ಲಾಡ್ಜುಗಳಲ್ಲಿ ರಿಸೆಪ್ಷನ್ ಎತ್ತರದಲ್ಲಿ ಇರುತ್ತದೆ. ಲಿಫ್ಟಿನ ಬಾಗಿಲು ಸಿಗುವುದೇ ಆ ಏಳೆಂಟು ಮೆಟ್ಟಿಲು ಹತ್ತಿದ ಮೇಲೆ. ಆಮೇಲೆ ಬಚ್ಚಲಿನ ಬಗ್ಗೆ ಕೇಳಿ. ಕಮೋಡ್ ಇದೆಯೇ, ಅದರ ಪಕ್ಕದ ಗೋಡೆಗೆ ಹಿಡಿಕೆ ಇದೆಯೇ, ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ, ನೆಲದ ಟೈಲ್ಸ್ ನುಣುಪೋ ಒರಟೋ. ವಯಸ್ಸಾದವರು ಬೀಳುವುದು ದೇವಸ್ಥಾನದ ಮೆಟ್ಟಿಲಿನ ಮೇಲಲ್ಲ, ಬೆಳಗಿನ ಜಾವ ಒದ್ದೆ ಬಚ್ಚಲಿನಲ್ಲಿ. ನಮ್ಮ ಲಾಡ್ಜಿನಲ್ಲಿ ನನ್ನ ಕಣ್ಣೆದುರು ಅಂಥ ಮೂರು ಘಟನೆಗಳು ನಡೆದವು. ಮೂರನೆಯದರ ನಂತರವೇ ನಾವು ನೆಲಮಹಡಿಯ ನಾಲ್ಕು ಕೋಣೆಗಳಿಗೆ ಹಿಡಿಕೆ ಹಾಕಿಸಿದೆವು. ಅದಕ್ಕೆ ತಗುಲಿದ್ದು ಒಂದು ಟಿವಿಯ ಬೆಲೆಯೂ ಅಲ್ಲ, ಮೊದಲೇ ಮಾಡಿಸಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ತಂದೆಯವರಿಗಾಗಿ ಒಂದು ಪ್ಲಾಸ್ಟಿಕ್ ಸ್ಟೂಲ್ ಕೇಳಿ ಪಡೆಯಿರಿ, ಕುಳಿತು ಸ್ನಾನ ಮಾಡಲಿ. ರಾತ್ರಿ ಬಚ್ಚಲಿನ ದೀಪ ಆರಿಸಬೇಡಿ. ಕರೆಂಟ್ ಹೋದಾಗ ಜನರೇಟರಿನಿಂದ ಲಿಫ್ಟ್ ಕೂಡ ನಡೆಯುತ್ತದೆಯೋ, ಇಲ್ಲವೇ ದೀಪ ಮತ್ತು ಫ್ಯಾನ್ ಮಾತ್ರವೋ ಎಂದೂ ವಿಚಾರಿಸಿ.

ಪ್ರಶ್ನೆ: ಆ್ಯಪ್‌ನಲ್ಲಿ ತೋರಿಸಿದ ಕೋಣೆಯೇ ಬೇರೆ, ಕೊಟ್ಟ ಕೋಣೆಯೇ ಬೇರೆ. ಹಣ ವಾಪಸ್ ಕೊಡುವುದಿಲ್ಲ ಎನ್ನುತ್ತಾರೆ. ಎಲ್ಲಿ ದೂರು ಕೊಡಲಿ? (ಒಬ್ಬ ಓದುಗರು, ಶಿವಮೊಗ್ಗ)

ಉತ್ತರ: ಕೋಣೆ ನೋಡದೆ ಪುಸ್ತಕಕ್ಕೆ ಸಹಿ ಹಾಕಬೇಡಿ ಎಂಬುದು ಮೊದಲ ಮಾತು. ಸಹಿ ಹಾಕಿಯಾಗಿದ್ದರೆ, ಸಾಮಾನು ಬಿಚ್ಚುವ ಮೊದಲೇ ಕೋಣೆಯ ಫೋಟೊ ತೆಗೆದು, ಬುಕ್ಕಿಂಗ್ ಪುಟದ ಚಿತ್ರವನ್ನೂ ಉಳಿಸಿಕೊಂಡು, ಲಾಡ್ಜಿಗೂ ಆ್ಯಪ್‌ನವರಿಗೂ ಅಂದೇ ಬರಹದಲ್ಲಿ ತಿಳಿಸಿ. ಎರಡು ರಾತ್ರಿ ತಂಗಿ ಹೊರಟ ಮೇಲೆ ಹೇಳಿದರೆ ದೂರಿಗೆ ಬಲವಿರುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಬಹಳ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಲಾಡ್ಜ್ ಗೋಕರ್ಣದಲ್ಲಿದ್ದರೂ ನೀವು ಶಿವಮೊಗ್ಗದಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆ ಕೊಟ್ಟಿರುವ ದೊಡ್ಡ ಅನುಕೂಲ. ಎರಡು ವರ್ಷದೊಳಗೆ ಕೊಡಬೇಕು. ನೀವು ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಪ್ರಶ್ನೆ: ನಾನು ಟ್ಯಾಕ್ಸಿ ಓಡಿಸುತ್ತೇನೆ. ಪ್ರವಾಸಿಗಳನ್ನು ಹೋಟೆಲಿಗೆ ಇಳಿಸಿದ ಮೇಲೆ ನಾನು ಕಾರಿನಲ್ಲೇ ಮಲಗಬೇಕು. ಶೌಚಾಲಯಕ್ಕೂ ಒಳಗೆ ಬಿಡುವುದಿಲ್ಲ. ಸೌಕರ್ಯದ ಮಾತಿನಲ್ಲಿ ನಾವು ಬರುವುದಿಲ್ಲವೇ? (ಹೆಸರು ಬೇಡ, ಮೈಸೂರು)

ಉತ್ತರ: ಖಂಡಿತ ಬರುತ್ತೀರಿ. ನಿಮ್ಮ ಪತ್ರವನ್ನು ಓದಿ ನನಗೆ ನೋವಾಯಿತು, ಏಕೆಂದರೆ ನಾನು ಕೆಲಸ ಮಾಡಿದ ಎರಡು ಕಡೆ ಹೀಗೆಯೇ ನಡೆಯುತ್ತಿತ್ತು. ತಮಿಳುನಾಡು ಸರ್ಕಾರ 2023ರಲ್ಲಿ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲುಗಳಲ್ಲಿ ಅತಿಥಿಗಳ ಕಾರು ಚಾಲಕರಿಗೆ ಮಲಗುವ ಜಾಗ ಮತ್ತು ಶೌಚಾಲಯ ಇರಬೇಕೆಂದು ಮಾಡಿತು. ನಮ್ಮಲ್ಲೂ ಅಂಥದ್ದೊಂದು ನಿಯಮ ಬೇಕು ಎಂದು ಈ ಅಂಕಣದ ಮೂಲಕ ಕೇಳುತ್ತೇನೆ. ರಾತ್ರಿಯಿಡೀ ಸೀಟಿನಲ್ಲಿ ಮುದುಡಿ ಕುಳಿತ ಚಾಲಕ ಮರುದಿನ ಆಗುಂಬೆಯ ತಿರುವುಗಳಲ್ಲಿ ಒಂದು ಕುಟುಂಬವನ್ನು ಇಳಿಸಿಕೊಂಡು ಬರಬೇಕು.

ಕೊನೆಯ ಹತ್ತು ವರ್ಷ ನಾನಿದ್ದ ಲಾಡ್ಜಿನಲ್ಲಿ, ಮಾಲೀಕರನ್ನು ಒಪ್ಪಿಸಿ, ನೆಲಮಹಡಿಯ ಹಳೆಯ ಉಗ್ರಾಣ ಖಾಲಿ ಮಾಡಿಸಿ ಆರು ಮಂಚ, ಎರಡು ಫ್ಯಾನ್, ಮೊಬೈಲ್ ಚಾರ್ಜಿಗೆ ಆರು ಪ್ಲಗ್, ಪಕ್ಕದಲ್ಲೇ ಒಂದು ಬಚ್ಚಲು ಮಾಡಿಸಿದೆವು. ಬಾಡಿಗೆ ಪಡೆಯುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಚಾಲಕರೇ ಪ್ರವಾಸಿಗಳನ್ನು ನಮ್ಮಲ್ಲಿಗೆ ಕರೆತರತೊಡಗಿದರು. ಕಮಿಷನ್ ಕೊಡಬೇಕಾಗಿ ಬರಲಿಲ್ಲ. ನೀವು ಮುಂದಿನ ಬಾರಿ ಪ್ರವಾಸ ಒಪ್ಪಿಕೊಳ್ಳುವಾಗ ‘ಡ್ರೈವರ್‌ಗೆ ಮಲಗಲು ಜಾಗ ಇರುವ ಲಾಡ್ಜ್ ನೋಡಿ’ ಎಂದು ಪ್ರವಾಸಿಗಳಿಗೆ ನೇರವಾಗಿ ಹೇಳಿ. ಇದನ್ನು ಓದುತ್ತಿರುವ ಕುಟುಂಬದವರೂ ಕೋಣೆ ಬುಕ್ ಮಾಡುವ ಫೋನಿನಲ್ಲೇ ಈ ಒಂದು ಪ್ರಶ್ನೆಯನ್ನು ಕೇಳಲಿ. ಇಲ್ಲವೆಂದರೆ, ಹತ್ತಿರದ ಡಾರ್ಮಿಟರಿಯಲ್ಲಿ ಅವರಿಗೊಂದು ಮಂಚ ಹಿಡಿಯುವ ಖರ್ಚನ್ನು ಪ್ರವಾಸದ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಲಿ.